ಕಾರ್ಕ್‌ಸ್ಕ್ರೂ ಜೌಗುಕಾಡಿಗೆ ಹೋಗುವವರು ಅರ್ಧ ದಿನ ಇಟ್ಟುಕೊಳ್ಳಿ

ಫ್ಲಾರಿಡಾದಲ್ಲಿರುವ ಮಕ್ಕಳ ಮನೆಗೆ ಹೋದರೆ ಒಂದು ದಿನ ನೇಪಲ್ಸ್ ಹತ್ತಿರದ ಕಾರ್ಕ್‌ಸ್ಕ್ರೂ ಸ್ವಾಂಪ್ ಸ್ಯಾಂಕ್ಚುರಿಗೆ ಕರೆದುಕೊಂಡು ಹೋಗಿ ಎಂದು ಹಟ ಹಿಡಿಯಿರಿ. ನಾನು ಸಿದ್ದಾಪುರದಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು. ಅಲ್ಲಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗೆ, ಅಂದರೆ ಜೌಗುಕಾಡಿಗೆ, ವಿದ್ಯಾರ್ಥಿಗಳನ್ನು ಎಷ್ಟು ಸಲ ಕರೆದೊಯ್ದಿದ್ದೇನೋ ಲೆಕ್ಕವಿಲ್ಲ. ಟ್ಯಾಂಪಾದ ಮಗಳ ಮನೆಯಿಂದ ಕಾರ್ಕ್‌ಸ್ಕ್ರೂಗೆ ಎರಡು ಸಲ ಹೋಗಿ ಬಂದೆ.

ಮೊದಲ ಸಲ ಹೋದದ್ದು ಆಗಸ್ಟ್‌ನಲ್ಲಿ, ಅದೂ ಮಧ್ಯಾಹ್ನ. ಎಲ್ಲೆಲ್ಲೂ ನೀರು, ಹಕ್ಕಿ ಮಾತ್ರ ಇಲ್ಲ. ಮೂರು ಗಂಟೆಗೆ ಗುಡುಗು ಶುರುವಾಗಿ ಓಡಿಬಂದೆವು. ಹಕ್ಕಿ ನೋಡಬೇಕಾದರೆ ನವೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ. ಮಳೆಗಾಲದಲ್ಲಿ ಮೀನು ಕಾಡೆಲ್ಲ ಹರಡಿಕೊಂಡಿರುತ್ತದೆ. ಮಳೆ ನಿಂತು ನೀರು ಇಳಿದಂತೆ ಗುಂಡಿಗಳಲ್ಲಿ ಒತ್ತೊತ್ತಾಗಿ ಸೇರುತ್ತದೆ. ಹಕ್ಕಿಗಳು ಬರುವುದು ಆಗ. ನಮ್ಮ ಎರಡನೇ ಭೇಟಿ ಫೆಬ್ರುವರಿಯಲ್ಲಿ, ಬಾಗಿಲು ತೆರೆಯುವ ಹೊತ್ತಿಗೆ.

ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಐ-75 ಹೆದ್ದಾರಿಯ 111ನೇ ಎಕ್ಸಿಟ್‌ನಲ್ಲಿ ಇಳಿದು, ಇಮ್ಮೊಕಲಿ ರಸ್ತೆಯಲ್ಲಿ ಪೂರ್ವಕ್ಕೆ ಸುಮಾರು 15 ಮೈಲಿ ಹೋದರೆ ಎಡಕ್ಕೆ ಸ್ಯಾಂಕ್ಚುರಿ ರಸ್ತೆ ಸಿಗುತ್ತದೆ. ಒಳಗೆ ಹೊರಡುವ ಮೊದಲೇ ಶೌಚಾಲಯ ಮುಗಿಸಿಕೊಳ್ಳಿ, ನೀರಿನ ಬಾಟಲಿ ತುಂಬಿಸಿಕೊಳ್ಳಿ. ನಾಯಿಗೆ ಪ್ರವೇಶವಿಲ್ಲ. ಬೈನಾಕ್ಯುಲರ್ ಒಂದನ್ನು ಹೇಗಾದರೂ ಹೊಂದಿಸಿಕೊಳ್ಳಿ.

ಹಲಗೆ ಹಾಸಿದ ಕಾಲುದಾರಿ ಒಟ್ಟು 2.25 ಮೈಲಿ, ಅಂದರೆ ಮೂರೂವರೆ ಕಿಲೋಮೀಟರ್ ಚಿಲ್ಲರೆ. ಸಮತಟ್ಟು, ಗಾಲಿಕುರ್ಚಿಯೂ ಹೋಗುತ್ತದೆ, ಅಲ್ಲಲ್ಲಿ ಬೆಂಚುಗಳಿವೆ. ನಮ್ಮನೆಯವರಿಗೆ ಮಂಡಿ ನೋವು, ಆದರೂ ಪೂರ್ತಿ ನಡೆದರು. ಆಗದವರಿಗೆ ಒಂದು ಮೈಲಿಯ ಸಣ್ಣ ಸುತ್ತೂ ಇದೆ. ಒಂದೂವರೆ ಗಂಟೆಯಲ್ಲಿ ಮುಗಿಸುವವರನ್ನು ನೋಡಿದೆ, ಹಾಗೆ ಮಾಡಬೇಡಿ. ನಾವು ನಾಲ್ಕು ಗಂಟೆ ತೆಗೆದುಕೊಂಡೆವು. ಕಟಾಂಜನದ ಮೇಲೆ ಕೈಯಿಡುವ ಮುಂಚೆ ಒಮ್ಮೆ ಕಣ್ಣು ಹಾಯಿಸಿ. ಹಾವು, ಕಂಬಳಿಹುಳ, ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಐವಿ ಬಳ್ಳಿ ಎಲ್ಲವೂ ಅಲ್ಲಿನ ನಿವಾಸಿಗಳೇ. ಸೊಳ್ಳೆಯ ಭಯ ಮಾತ್ರ ನಾವು ಅಂದುಕೊಂಡಷ್ಟಿಲ್ಲ. ನಮ್ಮಲ್ಲಿ ಮಲೇರಿಯಾ ತಡೆಯಲು ಬಾವಿ, ಕೆರೆಗಳಿಗೆ ಬಿಡುವ ಗ್ಯಾಂಬೂಸಿಯಾ ಮೀನಿನ ತವರು ಈ ಸೀಮೆಯೇ. ಸೊಳ್ಳೆಮರಿಗಳನ್ನು ಅದು ತಿಂದು ಹಾಕುತ್ತದೆ.

ದಾರಿ ಪೈನ್ ಮರಗಳ ಒಣ ನೆಲದಲ್ಲಿ ಶುರುವಾಗಿ, ಹುಲ್ಲಿನ ಜೌಗು ದಾಟಿ, ಆಮೇಲೆ ಬಾಲ್ಡ್ ಸೈಪ್ರೆಸ್ ಕಾಡಿಗೆ ಇಳಿಯುತ್ತದೆ. ಇಲ್ಲಿ ಮಾತು ನಿಲ್ಲಿಸಿ. ಐನೂರು ವರ್ಷ ದಾಟಿದ ಮರಗಳು, ಬುಡದಲ್ಲಿ ನೀರಿನಿಂದ ಮೇಲೆದ್ದ ಮೊಂಡು ಬೇರುಗಳು. ಇಂಗ್ಲಿಷಿನವರೂ ಅದಕ್ಕೆ ಮಂಡಿ ಎಂದೇ ಹೆಸರಿಟ್ಟಿದ್ದಾರೆ. ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಾತಿಯ ಮರಗಳ ಮಂಡಿಬೇರು ತೋರಿಸಿ ಪಾಠ ಹೇಳಿದವಳಿಗೆ ಇದನ್ನು ನೋಡಿ ಗಂಟಲು ಕಟ್ಟಿತು. ರಾಮಪತ್ರೆ ಹೂಬಿಡುವ ಮರ, ಇದು ಪೈನ್‌ನಂತೆ ಶಂಕುಕಾಯಿ ಬಿಡುವ ಮರ, ನಂಟೇ ಇಲ್ಲ. ಆದರೂ ಕೆಸರಿನಲ್ಲಿ ನಿಂತು ಎರಡೂ ಬೇರನ್ನು ಹೀಗೆ ಮೇಲೆತ್ತಿವೆ.

ಈ ಮರಗಳು ಉಳಿದದ್ದು ತಾನಾಗಿ ಅಲ್ಲ. ಹೆಂಗಸರ ಟೋಪಿಗೆ ಗರಿ ಬೇಕೆಂದು ಬೆಳ್ಳಕ್ಕಿಗಳನ್ನು ಗೂಡಿನಲ್ಲೇ ಕೊಲ್ಲುತ್ತಿದ್ದ ಕಾಲದಲ್ಲಿ, 1912ರಲ್ಲಿ, ಹಕ್ಕಿಗಳ ರಕ್ಷಣೆಗೆ ದುಡಿಯುವ ಆಡುಬಾನ್ ಸಂಸ್ಥೆ ಇಲ್ಲಿಗೆ ಕಾವಲುಗಾರನನ್ನು ನೇಮಿಸಿತು. ಎರಡನೇ ಮಹಾಯುದ್ಧದ ನಂತರ ಕೊಡಲಿಯ ಸರದಿ ಬಂತು. ಫ್ಲಾರಿಡಾದ ಹಳೆಯ ಸೈಪ್ರೆಸ್ ಕಾಡು ಒಂದೊಂದಾಗಿ ಮರದ ಕಂಪನಿಗಳ ಪಾಲಾಗುತ್ತಿದ್ದಾಗ, 1954ರಲ್ಲಿ ಜನ ಒಟ್ಟಾಗಿ ದುಡ್ಡು ಸೇರಿಸಿ ಇದನ್ನು ಉಳಿಸಿಕೊಂಡರು. ಟಿಕೆಟ್‌ನ ದರ ಹೆಚ್ಚಾಯಿತು ಅನಿಸಿದರೆ ಇದನ್ನು ನೆನೆಯಿರಿ.

ಮುಂದೆ ಲೆಟ್ಯೂಸ್ ಲೇಕ್ಸ್ ಸಿಗುತ್ತವೆ. ಆ ಹೆಸರು ಬಂದದ್ದು ನಮ್ಮ ಅಂತರಗಂಗೆ ಗಿಡದಿಂದ, ಇಂಗ್ಲಿಷಿನಲ್ಲಿ ಅದು ವಾಟರ್ ಲೆಟ್ಯೂಸ್. ಅರ್ಧ ದಿನದಲ್ಲಿ ಒಂದು ಗಂಟೆಯನ್ನು ಇಲ್ಲಿಗೇ ಮೀಸಲಿಡಿ. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಕೊರಡು ಅಂದುಕೊಂಡದ್ದು ಕಣ್ಣು ಬಿಡುತ್ತದೆ: ಅಲಿಗೇಟರ್! ನಾವು ಕಂಡ ವುಡ್ ಸ್ಟಾರ್ಕ್, ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆಯ ಕುಲದ್ದೇ. ತಲೆ ಬೋಳು, ಕಪ್ಪು. ಕೊಕ್ಕು ತೆರೆದು ನೀರಲ್ಲಿ ಅದ್ದಿ ನಿಧಾನಕ್ಕೆ ಹೆಜ್ಜೆ ಹಾಕುತ್ತಿತ್ತು. ಮೀನನ್ನು ಅದು ಕಣ್ಣಿಂದ ಹುಡುಕುವುದಿಲ್ಲ. ಕೊಕ್ಕಿಗೆ ತಾಗಿದ ಕೂಡಲೇ, ಸೆಕೆಂಡಿನ ನಲವತ್ತರಲ್ಲಿ ಒಂದು ಭಾಗದೊಳಗೆ, ಕಚ್ಚಿಬಿಡುತ್ತದೆ. ಮೊಮ್ಮಗಳು “ಅಮ್ಮಮ್ಮ, ಹಿಡಿದದ್ದು ಕಾಣಲೇ ಇಲ್ಲ, ನುಂಗಿದ್ದು ಮಾತ್ರ ಕಂಡಿತು” ಎಂದಳು.

ಶಾಲೆಗೆ ರಜೆ ಅಮೆರಿಕದ ಬೇಸಿಗೆಯಲ್ಲಿ ಮಾತ್ರ ಎನ್ನುವವರು ಜೂನ್‌ನಿಂದ ಆಗಸ್ಟ್ ನಡುವೆ ಗೋಸ್ಟ್ ಆರ್ಕಿಡ್ ಹೂ ನೋಡಲು ಹೋಗಬಹುದು. ನಮ್ಮ ಸೀತಾಳೆ ದಂಡೆಯಂತೆ ಇದೂ ಮರದ ಮೇಲೇ ಬೆಳೆಯುತ್ತದೆ, ಆದರೆ ಎಲೆಯೇ ಇಲ್ಲ. ಹಸಿರು ಬೇರೇ ಎಲೆಯ ಕೆಲಸ ಮಾಡುತ್ತದೆ. 2007ರಲ್ಲಿ ಸೈಪ್ರೆಸ್ ಮರವೊಂದರ ಮೇಲೆ ಬಹಳ ಎತ್ತರದಲ್ಲಿ ಕಂಡುಬಂದ ಗಿಡವದು. ಬರಿಗಣ್ಣಿಗೆ ಬಿಳಿ ಚುಕ್ಕೆಯಷ್ಟೇ. ಬೈನಾಕ್ಯುಲರ್ ಮರೆಯಬೇಡಿ, ಗುಡುಗಿನ ಮುಂಚೆ, ಬೆಳಿಗ್ಗೆಯೇ ಹೋಗಿ ಬನ್ನಿ.