ಹಳೇ ಜಿಪ್ಸಿಯ ಕ್ಲಚ್ ಮನೆಯಲ್ಲೇ ಬದಲಾಯಿಸೋದು ಹೇಗೆ

ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗಲ್ಲ, ಜೊತೆಗೆ ಸುಟ್ಟ ವಾಸನೆ. ಮಲೆನಾಡಿನ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಮಾರುತಿ ಜಿಪ್ಸಿಗಳಲ್ಲಿ ಇದು ಮಾಮೂಲಿ. ಆದರೆ ಕ್ಲಚ್ ಹೋಯ್ತು ಅಂತ ತೀರ್ಮಾನಿಸುವ ಮೊದಲು ಪೆಡಲಿನಿಂದ ಕ್ಲಚ್‌ಗೆ ಹೋಗುವ ಕೇಬಲ್ ನೋಡಿ. ಕ್ಲಚ್ ಪ್ಲೇಟ್ ಸವೆದಂತೆಲ್ಲ ಪೆಡಲ್‌ನ ಪ್ಲೇ, ಅಂದರೆ ಸಡಿಲ, ಕಡಿಮೆಯಾಗುತ್ತಾ ಹೋಗುತ್ತದೆ. ಪ್ಲೇ ಪೂರ್ತಿ ಹೋದರೆ ಕಾಲು ತೆಗೆದಿದ್ದರೂ ಕ್ಲಚ್ ಸ್ವಲ್ಪ ಒತ್ತಿಕೊಂಡೇ ಇರುತ್ತದೆ, ಆಗ ಒಳ್ಳೆ ಪ್ಲೇಟೂ ಸ್ಲಿಪ್ ಆಗುತ್ತದೆ. ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ, ಎರಡು ಸೆಂಟಿಮೀಟರಿನಷ್ಟಾದರೂ ಸಡಿಲ ಇರಬೇಕು. ಅಡ್ಜಸ್ಟ್ ಮಾಡಿದ ಮೇಲೂ, ಹ್ಯಾಂಡ್ ಬ್ರೇಕ್ ಹಾಕಿ ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಇಂಜಿನ್ ಆಫ್ ಆಗದೆ ಸುಮ್ನೆ ಓಡುತ್ತಲೇ ಇದ್ದರೆ ಗೇರ್ ಬಾಕ್ಸ್ ಇಳಿಸಲೇಬೇಕು.

ಜಿಪ್ಸಿಯಲ್ಲಿ ಒಂದು ಅನುಕೂಲ ಇದೆ. ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ಹಿಂದೆ ಬೇರೆಯಾಗಿ ಕೂತಿದೆ, ನಡುವೆ ಒಂದು ಗಿಡ್ಡ ಶಾಫ್ಟ್ ಅಷ್ಟೇ. ಹಾಗಾಗಿ ಅದನ್ನು ಮುಟ್ಟದೆ ಗೇರ್ ಬಾಕ್ಸ್ ಒಂದನ್ನೇ ಇಳಿಸಬಹುದು, ಇಬ್ಬರಿದ್ದರೆ ಸಾಕು.

ಗಾಡಿಯನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರಕ್ಕೆ ಅಡೆ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಗೇರ್ ಆಯಿಲ್ ಡ್ರೇನ್ ಮಾಡಿ. ಒಳಗಿನಿಂದ ಗೇರ್ ಲಿವರ್ ಬಿಚ್ಚಿ: ರಬ್ಬರ್ ಬೂಟ್ ಎತ್ತಿದರೆ ಕೆಳಗೊಂದು ಮುಚ್ಚಳ ಸಿಗುತ್ತದೆ, ಅದನ್ನು ಒತ್ತಿ ತಿರುಗಿಸಬೇಕು. ಆಮೇಲೆ ಗಿಡ್ಡ ಶಾಫ್ಟ್ (ಬೋಲ್ಟ್ ಕೂರುವ ಫ್ಲ್ಯಾಂಜಿಗೆ ಪೇಂಟಿನಲ್ಲಿ ಗುರುತು ಹಾಕಿಕೊಳ್ಳಿ), ಕ್ಲಚ್ ಕೇಬಲ್, ಸೆಲ್ಫ್ ಮೋಟರ್, ರಿವರ್ಸ್ ಲೈಟಿನ ವೈರ್. ಇಂಜಿನ್ನಿನ ಹಿಂಭಾಗಕ್ಕೆ ಮರದ ತುಂಡಿಟ್ಟು ಒಂದು ಜಾಕ್, ಗೇರ್ ಬಾಕ್ಸ್ ಕೆಳಗೆ ಇನ್ನೊಂದು. ಈಗ ಗೇರ್ ಬಾಕ್ಸನ್ನು ಹೊತ್ತಿರುವ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ಮತ್ತು ಇಂಜಿನ್ನಿಗೆ ಕೂಡುವ ಬೆಲ್ ಹೌಸಿಂಗ್ ಬೋಲ್ಟ್ ಬಿಚ್ಚಿ, ನೇರವಾಗಿ ಹಿಂದಕ್ಕೆ ಎಳೆಯಿರಿ. ಕ್ಲಚ್ ಪ್ಲೇಟಿನೊಳಗೆ ಹೋಗಿರುವ ಇನ್‌ಪುಟ್ ಶಾಫ್ಟ್ ಪೂರ್ತಿ ಹೊರಗೆ ಬರುವವರೆಗೆ ಗೇರ್ ಬಾಕ್ಸಿನ ಭಾರ ಪ್ಲೇಟಿನ ಮೇಲೆ ಜೋತು ಬೀಳಬಾರದು.

ಒಳಗೆ ಕೆಸರು ಒಣಗಿದ ಧೂಳು ಬೇಕಾದಷ್ಟು ಇರುತ್ತದೆ. ಏರ್ ಹೊಡೆಯಬೇಡಿ, ಹಳೇ ಪ್ಲೇಟಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ (ಇಂಜಿನ್ನಿನ ಹಿಂದಿನ ಭಾರದ ಚಕ್ರ) ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹಳೇ ಪ್ಲೇಟನ್ನು ಕೈಗೆತ್ತಿಕೊಂಡು ಸರಿಯಾಗಿ ನೋಡಿ. ರಿವೆಟ್ ತಲೆ ಮೇಲ್ಮೈಯಿಂದ ಅರ್ಧ ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿದ್ದರೆ ಅದರ ಆಯಸ್ಸು ಮುಗಿದಿದೆ. ಸವೆಯದೆಯೂ ಸ್ಲಿಪ್ ಆಗುತ್ತಿತ್ತು, ಪ್ಲೇಟ್ ಆಯಿಲಿನಲ್ಲಿ ನೆನೆದಿದೆ ಅಂದರೆ ತಪ್ಪು ಕ್ಲಚ್‌ದಲ್ಲ, ಆಯಿಲ್ ಸೋರದಂತೆ ತಡೆಯುವ ಸೀಲ್‌ದು. ಇಂಜಿನ್ ಆಯಿಲ್ ಆದರೆ ಕ್ರ್ಯಾಂಕಿನ ಹಿಂದಿನ ಸೀಲ್, ಗೇರ್ ಆಯಿಲಿನ ಕಟು ವಾಸನೆ ಇದ್ದರೆ ಇನ್‌ಪುಟ್ ಶಾಫ್ಟ್ ಸೀಲ್. ಅದನ್ನು ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಅದೂ ನೆನೆಯುತ್ತದೆ, ಮತ್ತೆ ಇದೇ ಕೆಲಸ.

ನನ್ನ ಪ್ರಕಾರ ಇಲ್ಲಿ ಜಿಪುಣತನ ಮಾಡಲೇಬಾರದು. ಇಷ್ಟು ಬಿಚ್ಚಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಎಲ್ಲವನ್ನೂ ಒಟ್ಟಿಗೆ ಹಾಕಿಬಿಡಿ. ಕೇಬಲ್ ಎಳೆ ಬಿಟ್ಟಿದ್ದರೆ ಅದೂ ಹೊಸದೇ ಇರಲಿ. ಒಂದು ಲೀಟರ್ ಇಂಜಿನ್ನೋ 1.3 ಲೀಟರೋ ಅಂತ ಹೇಳಿ ಸೆಟ್ ಕೇಳಿ, ಹಳೇ ಪ್ಲೇಟನ್ನು ಜೊತೆಗೆ ಒಯ್ದು ವ್ಯಾಸ, ನಡುವಿನ ತೂತಿನ ಹಲ್ಲು ಎರಡನ್ನೂ ಹೋಲಿಸಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೂ ಅಷ್ಟೇ, ಡಬ್ಬಿ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. ಫ್ಲೈವೀಲಿನಲ್ಲಿ ನೀಲಿ ಕಲೆ ಅಥವಾ ಬಿರುಕು ಕಂಡರೆ ಲೇತ್ ಅಂಗಡಿಯಲ್ಲಿ ತೋರಿಸಿ. ಬರೀ ಹೊಳಪು ಬಂದಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿದರೆ ಸಾಕು.

ಹೊಸ ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಮುಖ ಗೇರ್ ಬಾಕ್ಸ್ ಕಡೆಗಿರಲಿ. ಅಲೈನ್‌ಮೆಂಟ್ ಟೂಲ್ ಇಲ್ಲದಿದ್ದರೆ ಹಳೇ ಇನ್‌ಪುಟ್ ಶಾಫ್ಟ್, ಅದೂ ಇಲ್ಲದಿದ್ದರೆ ಟೇಪ್ ಸುತ್ತಿ ದಪ್ಪ ಸರಿಮಾಡಿದ ಕೋಲು. ಪ್ಲೇಟನ್ನು ಮಧ್ಯಕ್ಕೆ ಹಿಡಿದುಕೊಂಡು ಬೋಲ್ಟುಗಳನ್ನು ಮತ್ತೆ ಎದುರುಬದುರಾಗಿ ಬಿಗಿಯಿರಿ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು, ಜಾಸ್ತಿ ಆದರೆ ಅದು ಹಾರಿ ಪ್ಲೇಟಿಗೇ ಬೀಳುತ್ತದೆ.

ಗೇರ್ ಬಾಕ್ಸ್ ವಾಪಸ್ ಕೂರಿಸೋದೇ ತಾಳ್ಮೆ ಕೆಡಿಸುವ ಕೆಲಸ. ಒಳಗೆ ಹೋಗದಿದ್ದರೆ ಬೋಲ್ಟ್ ಬಿಗಿದು ಎಳೆಯುವ ಆಸೆ ಬರುತ್ತದೆ ಅಲ್ವಾ, ಬೇಡ, ಹೌಸಿಂಗ್ ಸೀಳುತ್ತದೆ. ಗೇರಿಗೆ ಹಾಕಿ, ಒಬ್ಬರು ಹಿಂದಿನಿಂದ ಔಟ್‌ಪುಟ್ ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಲಿ, ಇನ್ನೊಬ್ಬರು ನೇರವಾಗಿ ತಳ್ಳಲಿ. ಹಲ್ಲು ಕೂಡಿದ ತಕ್ಷಣ ತಾನೇ ಜಾರಿ ಕೂರುತ್ತದೆ.

ಉಳಿದದ್ದು ಬಿಚ್ಚಿದ್ದನ್ನು ಉಲ್ಟಾ ಜೋಡಿಸೋದಷ್ಟೇ. ಗೇರ್ ಆಯಿಲ್ ತುಂಬಿಸೋದು ಮರೆಯಬೇಡಿ. ಕೇಬಲಿನಲ್ಲಿ ಪ್ಲೇ ಕೊಟ್ಟು, ಮೊದಲ ಕೆಲವು ನೂರು ಕಿಲೋಮೀಟರ್ ಹಾಫ್ ಕ್ಲಚ್ ಇಲ್ಲದೆ ಮೆತ್ತಗೆ ಓಡಿಸಿ, ಆಮೇಲೆ ಪ್ಲೇ ಇನ್ನೊಮ್ಮೆ ನೋಡಿ. ಕೆಸರಿನ ಏರು ಬಂದರೆ ಕ್ಲಚ್ ಉಜ್ಜುವ ಬದಲು ಪಕ್ಕದ ಚಿಕ್ಕ ಲಿವರನ್ನು 4ಎಲ್‌ಗೆ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲೋ ಗೇರ್) ಹಾಕಿ, ಅದಿರೋದೇ ಅದಕ್ಕೆ.