ರಿಮ್ಮಿನ ಸ್ಟಿಕರ್ ತೆಗೆಯಲು ಬ್ಲೇಡ್ ಬೇಡ, ಬಿಸಿ ಸಾಕು

ಹೊಸ ಬೈಕ್ ಬಂದ ವಾರದಲ್ಲೇ ಹುಡುಗರು ರಿಮ್ಮಿಗೆ ಕೆಂಪು, ಹಸಿರು ರೇಡಿಯಂ ಪಟ್ಟಿ ಅಂಟಿಸಿಕೊಂಡು ಬರುತ್ತಾರೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಣ್ಣ ಮಾಸಿ, ಅಂಚು ಎದ್ದು, ಅದರೊಳಗೆ ಮಣ್ಣು ಸೇರಿಕೊಳ್ಳುತ್ತದೆ. ಉಗುರಿನಿಂದ ಕೆರೆದರೆ ಚೂರು ಚೂರು ಬರುತ್ತದೆಯೇ ಹೊರತು ಪೂರ್ತಿ ಬರುವುದಿಲ್ಲ. ಬಿಸಿಲಿಗೆ ಮೇಲಿನ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗಿರುತ್ತದೆ, ಕೆಳಗಿನ ಅಂಟು ಒಣಗಿ ಕಚ್ಚಿಕೊಂಡಿರುತ್ತದೆ. ಎರಡನ್ನೂ ಮೊದಲು ಮೆತ್ತಗೆ ಮಾಡಿಕೊಳ್ಳಬೇಕು.

ಶುರು ಮಾಡುವ ಮುಂಚೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತಂದು, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಆನ್ ಮಾಡಿ, ಗೇರ್ ಹಾಕಿ, ತಿರುಗುವ ಚಕ್ರಕ್ಕೆ ಸುಮ್ನೆ ಬಟ್ಟೆ ಹಿಡಿದು ಕೂರುವವರಿದ್ದಾರೆ. ಬಟ್ಟೆಯ ತುದಿ ಚೈನಿಗೆ ಸಿಕ್ಕಿತೆಂದರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ. ಇದೊಂದನ್ನು ಮಾತ್ರ ಯಾರೂ ಮಾಡಬೇಡಿ.

ರಿಮ್ಮನ್ನು ಸೋಪಿನ ನೀರಲ್ಲಿ ತೊಳೆದು ಒರೆಸಿ. ಮರಳಿನ ಕಣ ಉಳಿದರೆ ಆಮೇಲೆ ಉಜ್ಜುವಾಗ ಗೀರು ಬೀಳುತ್ತದೆ. ಈಗ ಮನೆಯಲ್ಲಿರುವ ಹೇರ್ ಡ್ರೈಯರ್ ತಂದು, ಅರ್ಧ ಗೇಣು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಸ್ಟಿಕರಿಗೆ ಬಿಸಿ ಕೊಡಿ. ಒಂದು ನಿಮಿಷ ಸಾಕು. ಮುಟ್ಟಿದರೆ ಚುರುಕ್ ಅನ್ನಬೇಕು, ಸುಡಬಾರದು. ಡ್ರೈಯರ್ ಇಲ್ಲದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸುತ್ತಿಡಿ. ಹಳೆಯ ಎಟಿಎಂ ಕಾರ್ಡಿನ ಮೂಲೆಯಿಂದ ಒಂದು ತುದಿ ಎಬ್ಬಿಸಿ, ಸ್ಟಿಕರನ್ನು ಅದರ ಮೇಲೆಯೇ ಮಡಚಿದ ಹಾಗೆ ಹಿಂದಕ್ಕೆ ನಿಧಾನ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಹರಿಯುತ್ತದೆ. ಬಿಗಿ ಅನ್ನಿಸಿದರೆ ಮತ್ತೆ ಬಿಸಿ. ಬ್ಲೇಡ್, ಸ್ಕ್ರೂಡ್ರೈವರ್ ಹತ್ತಿರವೂ ತರಬೇಡಿ. ಅಲಾಯ್ ರಿಮ್ಮಿನ ಬಣ್ಣದಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಅಲ್ಲಿಂದ ನೀರು ಇಳಿದು, ಒಳಗಿನ ಅಲ್ಯೂಮಿನಿಯಂ ಬೆಳ್ಳಗೆ ಪುಡಿ ಏಳುತ್ತದೆ.

ಸ್ಟಿಕರ್ ಹೋಯಿತು, ಅಂಟು ಉಳಿಯಿತು ಅಲ್ವಾ? ಅದಕ್ಕೆ ಕೊಬ್ಬರಿ ಎಣ್ಣೆ. ಹತ್ತಿಯಲ್ಲಿ ಅದ್ದಿ ಅಂಟಿನ ಮೇಲೆ ಹಚ್ಚಿ 15–20 ನಿಮಿಷ ಬಿಡಿ. ಆಮೇಲೆ ಹಳೆಯ ಬನಿಯನ್ ಬಟ್ಟೆಯಿಂದ ತಿಕ್ಕಿದರೆ ಅಂಟು ಕಪ್ಪು ಕಪ್ಪು ಉಂಡೆಯಾಗಿ ಉರುಳಿ ಬರುತ್ತದೆ. ನೀಲಗಿರಿ ಎಣ್ಣೆ ಇನ್ನೂ ಬೇಗ ಕೆಲಸ ಮಾಡುತ್ತದೆ, ಆದರೆ ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಗೆ ಹಚ್ಚಿ ಬಣ್ಣ ಬಿಡುತ್ತದಾ ನೋಡಿಕೊಳ್ಳಿ. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಎರಡೂ ಅಂಟಿನ ಜೊತೆ ಬಣ್ಣವನ್ನೂ ಎತ್ತುತ್ತವೆ. ಪೆಟ್ರೋಲ್ ಅಂತೂ ಬೇಡವೇ ಬೇಡ. ಸ್ಟಿಕರ್ ಇದ್ದ ಜಾಗ ಸುತ್ತಲಿಗಿಂತ ಗಾಢವಾಗಿ ಕಂಡರೆ ಗಾಬರಿಯಾಗಬೇಡಿ. ಅದು ಕಲೆಯಲ್ಲ, ಬಿಸಿಲು ಕಾಣದ ಹಳೆಯ ಬಣ್ಣ. ಉಜ್ಜಿದರೆ ಹೋಗುವುದಿಲ್ಲ.

ಎಣ್ಣೆ ಮುಟ್ಟುವಾಗ ಬ್ರೇಕಿನ ಕಡೆ ಒಂದು ಕಣ್ಣಿರಲಿ. ಡಿಸ್ಕ್‌ಗೆ ಮೊದಲೇ ಪ್ಲಾಸ್ಟಿಕ್ ಕವರ್ ಸುತ್ತಿಬಿಡಿ. ಡಿಸ್ಕಿನ ಮೇಲೆ ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಎಣ್ಣೆ ಕುಡಿದರೆ ಅದನ್ನು ಬದಲಾಯಿಸಲೇಬೇಕು. ಕೆಲಸ ಮುಗಿದ ಮೇಲೆ ರಿಮ್ಮನ್ನು ಸೋಪು ಹಾಕಿ ಜಿಡ್ಡು ಹೋಗುವವರೆಗೆ ತೊಳೆಯಿರಿ. ಗಾಡಿಯನ್ನು ತಳ್ಳಿಕೊಂಡೇ ಎರಡು ಸಲ ಬ್ರೇಕ್ ಒತ್ತಿ ನೋಡಿ, ಆಮೇಲೆ ಹತ್ತಿ. ಮಕ್ಕಳ ಸೈಕಲ್ಲಿನಲ್ಲಿ ಬ್ರೇಕಿನ ರಬ್ಬರ್ ರಿಮ್ಮನ್ನೇ ಹಿಡಿಯುವುದರಿಂದ ಅಲ್ಲಿ ಎಣ್ಣೆ ಬೇಡ. ಬಿಸಿ ಕೊಟ್ಟು ತೆಗೆದು, ಉಳಿದ ಅಂಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ.

ಇನ್ನೊಂದು ಮಾತು. ಕಾರಿನ ಅಲಾಯ್ ಚಕ್ರದ ಒಳಬದಿಯಲ್ಲಿ ಬೂದು ಬಣ್ಣದ ಪುಟ್ಟ ಪುಟ್ಟ ಚೌಕಗಳು ಸಾಲಾಗಿ ಅಂಟಿರುತ್ತವೆ, ಮೇಲೆ 5, 10 ಎಂದು ಬರೆದಿರುತ್ತದೆ. ಅದೂ ಸ್ಟಿಕರ್ ಅಂದುಕೊಂಡು ಕಿತ್ತುಬಿಡಬೇಡಿ. ಅದು ವೀಲ್ ಬ್ಯಾಲೆನ್ಸಿಂಗ್ ಮಾಡಿದಾಗ ಹಾಕಿದ ತೂಕ, ಗ್ರಾಂ ಲೆಕ್ಕದಲ್ಲಿ. ಕಿತ್ತರೆ ಹೈವೇಯಲ್ಲಿ ಸ್ಟೇರಿಂಗ್ ನಡುಗಲು ಶುರುವಾಗುತ್ತದೆ.

ಇನ್ನು ದಿನನಿತ್ಯದ ಶುಚಿ. ರಿಮ್ಮಿನ ಮೇಲಿನ ಕಪ್ಪು ಪುಡಿ ಬರೀ ರಸ್ತೆ ಧೂಳಲ್ಲ. ಬ್ರೇಕ್ ಹಾಕಿದಾಗ ಸವೆದ ಪ್ಯಾಡ್ ಮತ್ತು ಡಿಸ್ಕಿನ ಪುಡಿ, ಅದರಲ್ಲಿ ಕಬ್ಬಿಣವಿರುತ್ತದೆ. ಮುಂದಿನ ಬ್ರೇಕಿಗೆ ಕೆಲಸ ಜಾಸ್ತಿ, ಅದಕ್ಕೇ ಕಾರಿನ ಮುಂದಿನ ಚಕ್ರ ಬೇಗ ಕಪ್ಪಾಗುವುದು. ತೇವ ಸೇರಿ ಬಹಳ ದಿನ ಕೂತರೆ ಬಣ್ಣಕ್ಕೆ ಕಚ್ಚುತ್ತದೆ. ವಾರಕ್ಕೊಮ್ಮೆ ತೊಳೆದರೆ ಶಾಂಪೂ ನೀರು, ಹಳೆಯ ಟೂತ್‌ಬ್ರಷ್ ಇಷ್ಟರಲ್ಲೇ ಮುಗಿಯುತ್ತದೆ. ಓಡಿಸಿ ಬಂದ ತಕ್ಷಣ ನೀರು ಹಾಕಬೇಡಿ, ಆರಲಿ. ಚಕ್ರ ಮೊದಲು, ಬಾಡಿ ಆಮೇಲೆ, ಬಟ್ಟೆ ಬೇರೆ ಬೇರೆ. ಬೋರ್‌ವೆಲ್ ನೀರಾದರೆ ಒಣಬಟ್ಟೆಯಲ್ಲಿ ಒರೆಸಲೇಬೇಕು, ಇಲ್ಲದಿದ್ದರೆ ಬಿಳಿ ಚುಕ್ಕೆ ಕೂರುತ್ತದೆ. ಮಂಗಳೂರು, ಉಡುಪಿ ಕಡೆಯವರು ಸಮುದ್ರ ತೀರಕ್ಕೆ ಹೋಗಿ ಬಂದರೆ ಅವತ್ತೇ ತೊಳೆಯುವುದು ಒಳ್ಳೆಯದು. ಉಪ್ಪು ಕಾಯುವುದಿಲ್ಲ.

ಹಿತ್ತಾಳೆ ದೀಪ ಬೆಳಗುವ ಹುಣಸೆಹಣ್ಣು, ಬಚ್ಚಲು ತೊಳೆಯುವ ಆಸಿಡ್, ಪಾತ್ರೆ ತಿಕ್ಕುವ ಸ್ಟೀಲ್ ನಾರು ಯಾವುದೂ ಅಲಾಯ್‌ಗೆ ಆಗಿಬರುವುದಿಲ್ಲ. ಹಳೆಯ ಕಾಲದ ಕಡ್ಡಿ ಚಕ್ರದ ಕ್ರೋಮ್ ರಿಮ್ಮಿಗೆ ತುಕ್ಕಿನ ಚುಕ್ಕೆ ಬಂದಿದ್ದರೆ ಚಪಾತಿ ಸುತ್ತುವ ಫಾಯಿಲನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಫಾಯಿಲ್ ಕ್ರೋಮ್‌ಗಿಂತ ಮೆತ್ತಗೆ, ಗೀರುವುದಿಲ್ಲ. ಹೊಳಪಿಲ್ಲದ ಮ್ಯಾಟ್ ರಿಮ್ಮಿಗೆ ಪಾಲಿಶ್ ಹಚ್ಚಬೇಡಿ, ಅಲ್ಲಲ್ಲಿ ಮಿಂಚಿ ವಿಕಾರವಾಗುತ್ತದೆ. ಬೈಕಿನ ಟೈರು ನೆಲ ಮುಟ್ಟುವ ಕಡೆ ಪಾಲಿಶ್ ಹಚ್ಚಿದರೆ ತಿರುವಿನಲ್ಲಿ ಜಾರುತ್ತದೆ.

ಆಯುಧಪೂಜೆಯ ದಿನ ಗಾಡಿಗೆ ಕಟ್ಟಿದ ಬಾಳೆಕಂದಿನಿಂದ ಸೊನೆ ಸೋರಿ ರಿಮ್ಮಿನವರೆಗೂ ಇಳಿದಿರುತ್ತದೆ. ನಿಂಬೆಹಣ್ಣು ಒಡೆದ ರಸ, ಕುಂಕುಮ ಬೇರೆ. ಹಬ್ಬದ ಸಂಭ್ರಮದಲ್ಲಿ ಯಾರೂ ನೋಡುವುದಿಲ್ಲ. ಸೊನೆ ಒಣಗಿದರೆ ಕಲೆ ಬಿಡಿಸುವುದು ಕಷ್ಟ, ಹಾಗಾಗಿ ಪೂಜೆ ಮುಗಿಸಿ ಒಂದು ಸುತ್ತು ಹೋಗಿ ಬಂದ ಮೇಲೆ, ಚಕ್ರ ಆರಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.