ದೇವಕಣಗಿಲೆ ಕಡ್ಡಿ: ನೀರಿಗಿಂತ ಮೊದಲು ಒಣಗಲಿ

ಮೈಸೂರಿನ ನಮ್ಮ ತಾರಸಿಯಲ್ಲಿರುವ ದೇವಕಣಗಿಲೆಗಳೆಲ್ಲ ಯಾರದೋ ಕಾಂಪೌಂಡಿನಿಂದ ಕೇಳಿ ತಂದ ಕೊಂಬೆಗಳಿಂದ ಆದವು. ಬೀಜ ಹಾಕಿದರೂ ಗಿಡವೇನೋ ಬರುತ್ತದೆ, ಆದರೆ ತಾಯಿಗಿಡದ ಬಣ್ಣವೇ ಬರುವ ಭರವಸೆಯಿಲ್ಲ, ಹೂವಿಗೆ ವರ್ಷಗಟ್ಟಲೆ ಕಾಯಬೇಕು. ಕಡ್ಡಿ ನೆಟ್ಟರೆ ಅದೇ ಬಣ್ಣ, ಅದೇ ಪರಿಮಳ.

ನಾನು ಕೊಂಬೆ ಕೇಳಲು ಹೋಗುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಚಳಿಗೆ ಎಲೆ ಉದುರಿಸಿ ಬೋಳಾದ ಮರ ಆಗ ಚಿಗುರುವ ತಯಾರಿಯಲ್ಲಿರುತ್ತದೆ, ಮುಂದೆ ಬಿಸಿಲಿನ ತಿಂಗಳುಗಳೂ ಇರುತ್ತವೆ. ಬೇರೊಡೆಯಲು ಮಣ್ಣು ಬೆಚ್ಚಗಿರಬೇಕು. ತುದಿಯ ಎಳೆ ಹಸಿರು ಭಾಗವಷ್ಟೇ ಇರುವ ತುಂಡು ಬೇಡ. ತೊಗಟೆ ಬೂದುಬಣ್ಣಕ್ಕೆ ತಿರುಗಿದ, ಹೆಬ್ಬೆರಳಿನಷ್ಟಾದರೂ ದಪ್ಪವಿರುವ, ಒಂದರಿಂದ ಒಂದೂವರೆ ಅಡಿ ಉದ್ದದ ಕೊಂಬೆ ಆರಿಸುತ್ತೇನೆ. ಕತ್ತರಿಗೆ ಮೊದಲು ಸ್ಪಿರಿಟ್ ಒರೆಸಬೇಕು. ಕತ್ತರಿಸಿದ ಕೂಡಲೇ ಹಾಲು ಸುರಿಯುತ್ತದೆ. ಇದೂ ಕಣಗಿಲೆಯ ಕುಟುಂಬದ್ದೇ, ಹಾಲು ತಾಗಿದರೆ ಕೆಲವರಿಗೆ ಚರ್ಮ ಉರಿಯುತ್ತದೆ, ಕಣ್ಣಿಗಂತೂ ಸಿಡಿಯಲೇಬಾರದು. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಎಲೆಗಳಿದ್ದರೆ ತೆಗೆದು, ಕೊಂಬೆಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಒಂದೆರಡು ವಾರ ಸುಮ್ಮನೆ ಇಡಬೇಕು. ದಾಸವಾಳದ ಕಡ್ಡಿ ನೆಟ್ಟು ಅಭ್ಯಾಸವಿರುವವರಿಗೆ ಇದನ್ನು ಒಪ್ಪುವುದು ಕಷ್ಟ. ಪಕ್ಕದ ಮನೆಯ ಅಜ್ಜಿ ನಮ್ಮ ಮೆಟ್ಟಿಲ ಮೇಲಿದ್ದ ಕೊಂಬೆಗಳನ್ನು ನೋಡಿ, "ಅಯ್ಯೋ, ಸೌದೆ ಆಗೋಯ್ತಲ್ಲಮ್ಮಾ, ಇನ್ನೆಲ್ಲಿ ಚಿಗುರುತ್ತೆ?" ಎಂದು ನೊಂದುಕೊಂಡಿದ್ದರು. ಚಿಗುರುತ್ತದೆ. ಮೆಕ್ಸಿಕೊ, ಮಧ್ಯ ಅಮೆರಿಕ ಇದರ ತವರು. ತಿಂಗಳುಗಟ್ಟಲೆ ಮಳೆಯಿಲ್ಲದೆ ಬದುಕುವ ಮರ, ಬೇಕಾದ ನೀರನ್ನು ಕೊಂಬೆಯಲ್ಲೇ ತುಂಬಿಕೊಂಡಿರುತ್ತದೆ. ತೊಗಟೆ ಸ್ವಲ್ಪ ಸುಕ್ಕಾದರೂ ಗಾಬರಿ ಬೇಡ.

ನೋಡಬೇಕಾದದ್ದು ಕತ್ತರಿಸಿದ ಬಾಯಿಯನ್ನು. ಮೊದಲು ಅಂಟಂಟಾಗಿ ಬೆಳ್ಳಗಿರುತ್ತದೆ. ಆಮೇಲೆ ಹಾಲು ಹೆಪ್ಪುಗಟ್ಟಿ, ಅಂಚು ಕಂದಾಗುತ್ತಾ ಒಳಕ್ಕೆ ಸರಿಯುತ್ತದೆ, ನಡುವಿನ ಮೆತ್ತನೆಯ ತಿರುಳು ಒಣಗಿ ಸ್ವಲ್ಪ ಕುಗ್ಗುತ್ತದೆ. ಉಗುರಿನಿಂದ ಒತ್ತಿದರೂ ಗುರುತು ಬೀಳದಷ್ಟು ಗಟ್ಟಿಯಾಯಿತೆಂದರೆ ಗಾಯ ಮುಚ್ಚಿತು ಎಂದರ್ಥ. ಹಸಿ ಬಾಯಿಯನ್ನು ಒದ್ದೆ ಮಣ್ಣಿಗಿಟ್ಟರೆ ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟಂತೆ.

ಕುಂಡಕ್ಕೆ ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು. ಎಂ-ಸ್ಯಾಂಡ್ ಆದರೆ ತೊಳೆದು ಧೂಳು ತೆಗೆಯಬೇಕು. ಗೊಬ್ಬರ ಈಗಲೇ ಬೇಡ. ಮೂರು ನಾಲ್ಕು ಇಂಚು ಆಳಕ್ಕೆ ನೆಟ್ಟು, ಪಕ್ಕಕ್ಕೊಂದು ಕೋಲು ಕೊಟ್ಟು ಕಟ್ಟುತ್ತೇನೆ. ಗಾಳಿಗೆ ಅಲ್ಲಾಡಿದರೆ ಆಗಷ್ಟೇ ಬಂದ ಬೇರು ಮುರಿಯುತ್ತದೆ. ನೆಟ್ಟ ದಿನ ಒಮ್ಮೆ ನೀರು ಹಾಕಿ, ಆಮೇಲೆ ಬೆರಳು ತೂರಿಸಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ಸ್ವಲ್ಪ ಹಾಕುವುದು. ಬೆಳಗಿನ ಎಳೆಬಿಸಿಲು ಸಾಕು.

ತುದಿಯಲ್ಲಿ ಎಲೆ ಇಣುಕಿದ ಮಾತ್ರಕ್ಕೆ ಬೇರು ಬಂತೆಂದು ನಂಬಬೇಡಿ. ಕೊಂಬೆಯಲ್ಲಿದ್ದ ಆಹಾರದಿಂದಲೇ ಮೊದಲ ಎಲೆಗಳು ಬಿಡುತ್ತವೆ, ಬೆರಳುದ್ದ ಆಗಿ ಅಲ್ಲೇ ನಿಂತುಬಿಡುತ್ತವೆ. ಆಗ ಖುಷಿಯಲ್ಲಿ ನೀರು ಸುರಿದರೆ ಬುಡ ಕೊಳೆಯುತ್ತದೆ. ಎಲೆ ಗೇಣುದ್ದ ಬೆಳೆದು ಮಧ್ಯಾಹ್ನವೂ ಬಾಡದೆ ನಿಂತರೆ ಕೆಳಗೆ ಬೇರಿದೆ. ಸಾಮಾನ್ಯವಾಗಿ ಇದಕ್ಕೆ ಆರರಿಂದ ಎಂಟು ವಾರ ಬೇಕು, ಕೆಲವು ಇನ್ನೂ ಹೆಚ್ಚು ತೆಗೆದುಕೊಳ್ಳುತ್ತವೆ. ಕಿತ್ತು ನೋಡುವ ಆಸೆ ತಡೆಯಲಾಗದವರು ದೊಡ್ಡ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಳಕ್ಕೆ ತೂತು ಮಾಡಿ ಅದರಲ್ಲೇ ನೆಡಬಹುದು. ಸುತ್ತ ಪೇಪರ್ ಸುತ್ತಿಟ್ಟು ಆಗಾಗ ಬಿಚ್ಚಿ ನೋಡಿದರೆ ಗೋಡೆಗೆ ಅಂಟಿದ ಬಿಳಿ ಬೇರು ಕಾಣುತ್ತದೆ. ಹೊಸ ಕಡ್ಡಿಯಲ್ಲಿ ಮೊಗ್ಗಿನ ಗೊಂಚಲು ಬಂದರೆ ಚಿವುಟಿಬಿಡುತ್ತೇನೆ. ಮನಸ್ಸಿಗೆ ಸಂಕಟವೇ, ಆದರೆ ಆ ಶಕ್ತಿ ಬೇರಿಗೆ ಹೋಗಲಿ.

ವಾರಕ್ಕೊಮ್ಮೆ ಬುಡ ಒತ್ತಿ ನೋಡಿ. ಮೆತ್ತಗಾಗಿದ್ದರೆ ತೆಗೆದು, ಕಂದು ಬಣ್ಣ ಪೂರ್ತಿ ಹೋಗಿ ಬೆಳ್ಳನೆಯ ಒಳಭಾಗ ಕಾಣುವವರೆಗೆ ಕತ್ತರಿಸಿ, ಮತ್ತೆ ಒಣಗಿಸಿ ನೆಟ್ಟರೆ ಉಳಿಯಬಹುದು. ಬೇರು ಕೂತ ಮೇಲೆ ಮಣ್ಣುಹೆಂಟೆ ಒಡೆಯದಂತೆ ದೊಡ್ಡ ಕುಂಡಕ್ಕೆ ಇಳಿಸಿ, ಆಗ ಹಳೆಯ ಕೊಟ್ಟಿಗೆ ಗೊಬ್ಬರ ಕೊಡಿ, ನಿಧಾನವಾಗಿ ಪೂರ್ತಿ ಬಿಸಿಲಿಗೆ ಒಗ್ಗಿಸಿ. ಮೊದಲ ಮಳೆಗಾಲ ಮಾತ್ರ ಕುಂಡವನ್ನು ಸಜ್ಜೆಯ ಕೆಳಗಿಡಿ. ಆ ದಿನಗಳಲ್ಲಿ ಎಲೆಯ ಹಿಂಬದಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಅಂಥ ಎಲೆಗಳನ್ನು ಕಿತ್ತು ದೂರ ಹಾಕಿ, ಗೊಬ್ಬರದ ಗುಂಡಿಗೆ ಬೇಡ.